ಮೂವತ್ತೊಂದನೆಯ ಪುಟದ ಕೋಳಿ

ಮೊನ್ನೆ ನನ್ನ ಮೊಮ್ಮಗಳು ಒಂದು ಕೋಳಿಯ ಚಿತ್ರ ಬರೆದಳು. ಬರೆದದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಜಾಗದ ಬಗ್ಗೆ. ನಾನು ಇಡೀ ಜನ್ಮದಲ್ಲಿ ಸಂಪಾದಿಸಿದ್ದು ಒಂದು ವಿದ್ವತ್ ಪತ್ರಿಕೆಯ ಒಂದೇ ಸಂಚಿಕೆ. ಅದರ ಒಂದೇ ಪ್ರತಿ ನನ್ನ ಹತ್ತಿರ ಉಳಿದಿದೆ. ಆ ಪ್ರತಿಯ ಮೂವತ್ತೊಂದನೆಯ ಪುಟದಲ್ಲಿ ಅವಳು ತನ್ನ ಕೋಳಿಯನ್ನು ತಂದು ನಿಲ್ಲಿಸಿದ್ದಳು. ನೀಲಿ ಕೋಳಿ. ಕಾಲು ಮೂರು ಕಂಡವು, ಮೂರನೆಯದು ಬಾಲವಿದ್ದರೂ ಇರಬಹುದು. ಅದರ ಮುಂದೆ ಚುಕ್ಕೆ ಚುಕ್ಕೆಯಾಗಿ ಕಾಳು ಚೆಲ್ಲಿದ್ದಳು.

"ಇದು ತಾತನ ಪುಸ್ತಕ ಅಲ್ಲನವಾ? ಇದರಾಗ ಯಾಕ ಬರದಿ?" ಎಂದೆ.

"ಬಾಕಿ ಎಲ್ಲಾ ಹಾಳ್ಯಾಗ ಏನೇನೋ ಬರದಾರ ತಾತಾ. ಇದೊಂದು ಖಾಲಿ ಇತ್ತು. ಬರಿಯಾಕಂತನ ಬಿಟ್ಟಾರ ಅಂದ್ಕೊಂಡೆ," ಎಂದಳು.

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಆ ಪುಟ ನಿಜಕ್ಕೂ ಖಾಲಿ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಮಾತ್ರ ಇದೆ: 'ಚಿತ್ರ ೨. ಸಂತೆಕಲ್ಲೂರಿನ ಒಂದು ಹಗೇವು, ಅದರ ಒಳರಚನೆ ಮತ್ತು ಸ್ಥಳ.' ಅದರ ಮೇಲೆ ಬಿಳೀ ಕಾಗದ. ಇಷ್ಟು ವರ್ಷ ಬಿಳಿಯಾಗಿಯೇ ಇತ್ತು. ಅದು ಯಾಕೆ ಹಾಗೆ ಉಳಿಯಿತು ಎಂದು ನಾನು ಯಾರಿಗೂ ಹೇಳಿಲ್ಲ. ಕೋಳಿ ಬಂದು ಕೆದರಿದ ಮೇಲೆ ಇನ್ನು ಮುಚ್ಚಿಡುವುದೇನು, ಹೇಳಿಬಿಡುತ್ತೇನೆ.

ಹಗೇವು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಗಟ್ಟಿ ಮೊರಂ ನೆಲದಲ್ಲಿ ಬಾವಿಯ ಹಾಗೆ ತೋಡಿದ ಕಾಳಿನ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ಗುಡಾಣದ ಹಾಗೆ ಅಗಲ. ಒಳಗೆ ಸುತ್ತಲೂ ಒಣಹುಲ್ಲು ಮೆತ್ತಿ ಜೋಳ ಸುರಿದು, ಬಾಯಿಗೆ ಕಲ್ಲು ಹಾಕಿ, ಮೇಲೆ ಮಣ್ಣು ಬಡಿದರೆ ಮುಗಿಯಿತು. ಎರಡು ಮಳೆಗಾಲ ಕಳೆದರೂ ಕಾಳಿಗೆ ಹುಳ ಬೀಳುವುದಿಲ್ಲ. ಆದರೆ ಆ ಜೋಳಕ್ಕೆ ಒಂದು ವಾಸನೆ ಬರುತ್ತದೆ. ಕೆಟ್ಟ ವಾಸನೆ ಎನ್ನಲಾರೆ, ಒಳ್ಳೆಯದು ಎನ್ನಲೂ ಆಗದು. ಹುಳಿಯೂ ಮಣ್ಣೂ ಕೂಡಿದ ವಾಸನೆ. ಹಗೇವಿನ ಜೋಳದ ರೊಟ್ಟಿಯನ್ನು ಉಂಡು ಬೆಳೆದವನಿಗೆ ಕಣ್ಣು ಕಟ್ಟಿ ಕೊಟ್ಟರೂ ಗೊತ್ತಾಗುತ್ತದೆ.

ನಾನು ಉಂಡು ಬೆಳೆದದ್ದು ಸಂತೆಕಲ್ಲೂರಿನಲ್ಲಿ, ನನ್ನ ಸೋದರತ್ತೆ ಹಂಪಮ್ಮನ ಮನೆಯಲ್ಲಿ. ಅವ್ವ ತೀರಿಕೊಂಡ ಮೇಲೆ ಅತ್ತೆಯೇ ನನ್ನನ್ನು ಕರೆದುಕೊಂಡು ಹೋಗಿ ಸಾಕಿದಳು. ಅವಳ ಮನೆಯ ಹಿಂದೆ ಬೇವಿನಗಿಡ, ಅದರಾಚೆ ಹನುಮಪ್ಪನ ಗುಡಿ, ಎರಡರ ನಡುವೆ ಹಗೇವು. ಅದು ಅತ್ತೆಯೊಬ್ಬಳದಲ್ಲ. ಓಣಿಯ ನಾಲ್ಕು ಮನೆಗಳು ಕೂಡಿ ಅದರಲ್ಲಿ ಜೋಳ ಹಾಕುತ್ತಿದ್ದವು. ಅತ್ತೆಯ ಕೈಯಲ್ಲಿ ಅದರ ಉಸ್ತುವಾರಿ ಇತ್ತು.

ಬೇಸಿಗೆಯಲ್ಲಿ ಹಗೇವು ತೆಗೆಯುವಾಗ ಕಲ್ಲು ಸರಿಸಿ ಒಂದು ದಿನ ಹಾಗೇ ಬಿಡಬೇಕು. ಒಳಗಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಮರುದಿನ ಹಗ್ಗಕ್ಕೆ ಹಣತೆ ಕಟ್ಟಿ ಇಳಿಬಿಡುತ್ತಿದ್ದರು. ಹಣತೆ ಆರಿದರೆ ಮತ್ತೊಂದು ದಿನ ಕಾಯುವುದು, ಉರಿಯುತ್ತಿದ್ದರೆ ನನ್ನನ್ನು ಇಳಿಬಿಡುವುದು. ಆ ಬಾಯಿಗೆ ಸಲೀಸಾಗಿ ಹಿಡಿಸುವ ದೇಹ ಓಣಿಯಲ್ಲಿ ನನ್ನದೊಂದೇ ಆಗಿತ್ತು. ಈಗಿನ ನನ್ನ ಹೊಟ್ಟೆ ನೋಡಿದವರು ಇದನ್ನು ನಂಬುವುದಿಲ್ಲ.

ಇಳಿಯುವ ಮುಂಚೆ ಅತ್ತೆ ನನ್ನ ಕೈ ಹಿಡಿದು ಮುಚ್ಚುಗಲ್ಲಿನ ಮೇಲೆ ಇರಿಸುತ್ತಿದ್ದಳು. "ಕಲ್ಲು ಮುಟ್ಟಿ ಹೇಳು. ಒಳಗ ಕಂಡಿದ್ದು ಹೊರಗ ಆಡಂಗಿಲ್ಲ."

"ಆಡಂಗಿಲ್ಲ," ಎನ್ನುತ್ತಿದ್ದೆ.

ಒಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಜೋಳ. ಬೆಚ್ಚಗೆ ಇರುತ್ತಿತ್ತು. ನನ್ನ ಹೆಸರು ನಾನೇ ಕೂಗಿದರೆ ನಾಲ್ಕು ಮಂದಿ ಕೂಗಿದಂತಾಗುತ್ತಿತ್ತು. ಪುಟ್ಟಿ ತುಂಬಿ ತುಂಬಿ ಮೇಲೆ ಕಳಿಸಿ, ಕೊನೆಗೆ ನಾನು ಮೇಲೆ ಬಂದಾಗ ಇನ್ನೊಂದು ಕೆಲಸ ಬಾಕಿ ಇರುತ್ತಿತ್ತು. ಅತ್ತೆ ನನ್ನನ್ನು ಅಲ್ಲೇ ನಿಲ್ಲಿಸಿ ಜಾಡಿಸುತ್ತಿದ್ದಳು. ತಲೆಗೂದಲು, ಕಿವಿಯ ಹಿಂದೆ, ಚಡ್ಡಿಯ ಮಡಿಕೆ, ಕಾಲಬೆರಳ ಸಂದಿ, ಒಂದೂ ಬಿಡುತ್ತಿರಲಿಲ್ಲ. ಮೈಮೇಲೆ ಒಂದು ಕಾಳು ಉಳಿದು ಓಣಿಯಲ್ಲಿ ಬಿದ್ದರೆ ನೋಡಿದವರಿಗೆ ಹಾದಿ ಸಿಕ್ಕಂತೆ ಎಂಬುದು ಅವಳ ಲೆಕ್ಕ. ನನಗೆ ಕಚಗುಳಿಯಾಗಿ ನಗು ಬರುತ್ತಿತ್ತು. ಅವಳು ನಗುತ್ತಿರಲಿಲ್ಲ.

ಆಮೇಲೆ ನಾನು ಉರ್ದುವಿನಲ್ಲಿ ಓದಿದೆ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ನೌಕರಿಗೆ ಹಾದಿ ಅದೇ. ಕನ್ನಡದ ಅಕ್ಷರವನ್ನು ಮಠದ ಐನೋರು ಮರಳಿನ ಮೇಲೆ ತಿದ್ದಿಸಿದ್ದರು. ಅದರ ಮೇಲೆಯೇ ನನ್ನ ಕನ್ನಡ ಪಾಂಡಿತ್ಯವೆಲ್ಲ ನಿಂತಿತ್ತು. ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಮಾಸ್ತರನಾದೆ. ಹಗಲೆಲ್ಲ ಉರ್ದುವಿನಲ್ಲಿ ಭೂಗೋಳ ಹೇಳಿ, ಸಂಜೆ ಕನ್ನಡದಲ್ಲಿ ಏನಾದರೂ ಬರೆಯುವ ಚಟ ಹತ್ತಿತು. ಒಮ್ಮೆ ಧೈರ್ಯ ಮಾಡಿ, ಹೊಳೆಯಾಚೆಯ ಇಂಗ್ರೇಜಿ ಸೀಮೆಯಲ್ಲಿ ಅಚ್ಚಾಗುತ್ತಿದ್ದ ಒಂದು ಸಂಶೋಧನಾ ತ್ರೈಮಾಸಿಕಕ್ಕೆ ನಮ್ಮ ಕಡೆಯ ಕೃಷಿ ಪದ್ಧತಿಗಳ ಮೇಲೆ ಲೇಖನ ಕಳಿಸಿದೆ. ಜೊತೆಗಿನ ಪತ್ರದ ಕೊನೆಗೆ, ಅರ್ಜಿ ಬರೆದು ಬರೆದು ಕೈಗೆ ರೂಢಿಯಾಗಿದ್ದರಿಂದ, 'ತಮ್ಮ ಹುಜೂರಿನ ನಮ್ರ ಸೇವಕ' ಎಂದು ಸಹಿ ಹಾಕಿದ್ದೆ. ಅವರು ಲೇಖನ ಅಚ್ಚು ಹಾಕಿದರು. ನನ್ನ ನಮ್ರತೆಗೆ ಮೆಚ್ಚಿ ಹಾಕಿದರೋ ಏನೋ ಎಂಬ ಅನುಮಾನ ಈಗಲೂ ಇದೆ.

ಮರುವರ್ಷ ಪ್ರಧಾನ ಸಂಪಾದಕರ ಪತ್ರ ಬಂತು. 'ನೆಲದೊಳಗಿನ ಕಾಳು' ಎಂಬ ವಿಷಯದ ಮೇಲೆ ಒಂದು ವಿಶೇಷ ಸಂಚಿಕೆ ತರುವುದಿದೆ, ತಾವು ಅತಿಥಿ ಸಂಪಾದಕರಾಗಿ ನಡೆಸಿಕೊಡಬೇಕು, ಎಂದು. ನಾನು ಆ ಪತ್ರವನ್ನು ಲಿಂಗಸುಗೂರಿನಲ್ಲಿ ಯಾರಿಗೆ ತೋರಿಸಲಿಲ್ಲ ಎಂದು ಕೇಳಿದರೆ ಹೇಳುವುದು ಸುಲಭ. ಚಹಾದ ಅಂಗಡಿಯವನಿಗೂ ಓದಿ ಹೇಳಿದೆ. ಇಷ್ಟಕ್ಕೇ ಮುಗಿಯಲಿಲ್ಲ, ಒಂದು ಕರೀ ಕೋಟು ಹೊಲಿಸಿದೆ. ಪತ್ರಿಕೆ ಅಚ್ಚಾಗುವುದು ಹೊಳೆಯಾಚೆ, ಓದುವವರು ಹೊಳೆಯಾಚೆ, ಸಂಪಾದಕನ ಕೋಟು ನೋಡುವವರು ಯಾರು ಎಂದು ದರ್ಜಿ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಕೋಟು ಬಂತು, ಇನ್ನು ಲೇಖನ ಬರಬೇಕು. ಮಸ್ಕಿ, ಸಿಂಧನೂರು, ತುರ್ವಿಹಾಳದ ಬಲ್ಲವರಿಗೆಲ್ಲ ಒಂದು ಪ್ರಶ್ನಾವಳಿ ಕಳಿಸೋಣ ಎಂದುಕೊಂಡೆ. ನಾನು ಕಂಡ ಪ್ರಶ್ನಾವಳಿಗಳೆಲ್ಲ ಸರಕಾರದವು. ಅದೇ ಧಾಟಿಯಲ್ಲಿ ಬರೆದೆ. ಊರು ಯಾವುದು, ಮನೆತನ ಯಾವುದು, ಹಗೇವು ಎಷ್ಟು, ಎಲ್ಲಿವೆ, ಆಳ ಎಷ್ಟು, ಯಾವ ಕಾಳು, ಎಷ್ಟು ಚೀಲ ಹಿಡಿಯುತ್ತದೆ. ಬರೆದದ್ದು ಬಿಳೀ ಹಾಳೆಯ ಮೇಲೆ ಬೋಳಾಗಿ ಕಂಡಿತು. ವಿದ್ವತ್ತಿಗೆ ತಕ್ಕ ಗಾಂಭೀರ್ಯವಿರಲಿ ಎಂದು ಕೆಳಗೆ ಶಾಲೆಯ ಮೊಹರು ಒತ್ತಿದೆ.

ಆಗ ಯುದ್ಧ ನಡೆದಿದ್ದ ಕಾಲ. ಬೆಳೆದವರು ಇಂತಿಷ್ಟು ಕಾಳು ಸರಕಾರಕ್ಕೆ ಹಾಕಲೇಬೇಕೆಂದು ಲೆವಿ ಬಂದಿತ್ತು. ಹಳ್ಳಿಹಳ್ಳಿಗೆ ಜವಾನರು ಬಂದು ಯಾರ ಮನೆಯಲ್ಲಿ ಎಷ್ಟಿದೆ ಎಂದು ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಸರಕಾರಿ ಮೊಹರಿನ ಕಾಗದ ಹೋಗಿ 'ನಿಮ್ಮ ಹಗೇವು ಎಲ್ಲಿದೆ' ಎಂದು ಕೇಳಿದರೆ ಜನ ಏನು ತಿಳಿಯಬೇಕು? ನನಗೆ ಮಾತ್ರ ಇದು ತಿಳಿಯಲಿಲ್ಲ. ನಾನು ಸಂಬಳದ ಮನುಷ್ಯ, ಕೋಟು ಬೇರೆ ಹೊಲಿಸಿದ್ದೆ.

ಉತ್ತರಗಳು ಬಂದವು. ತುರ್ವಿಹಾಳದ ಹಿರಿಯರೊಬ್ಬರು ತಮ್ಮ ಊರಿನಲ್ಲಿ ಹಗೇವು ಎಂಬುದನ್ನು ಯಾರೂ ಕಣ್ಣಿನಿಂದ ಕಂಡಿಲ್ಲವೆಂದೂ, ಮಸ್ಕಿಯ ಕಡೆ ಬೇಕಾದಷ್ಟಿವೆಯೆಂದೂ ಬರೆದರು. ಮಸ್ಕಿಯಿಂದ ಬಂದ ಕಾಗದದಲ್ಲಿ ಮಸ್ಕಿಯ ನೆಲವೆಲ್ಲ ಬಂಡೆ, ಗುದ್ದಲಿ ಮುರಿಯುತ್ತದೆ, ತಾವು ಸಿಂಧನೂರಿನಲ್ಲಿ ವಿಚಾರಿಸಬೇಕು ಎಂದಿತ್ತು. ಸಿಂಧನೂರಿನ ಸಜ್ಜನರೊಬ್ಬರು ಪ್ರಶ್ನಾವಳಿಯನ್ನು ಮುಟ್ಟದೆ, ಉಪವಾಸದಿಂದ ದೇಹಕ್ಕಾಗುವ ಲಾಭಗಳ ಮೇಲೆ ಹನ್ನೆರಡು ಹಾಳೆಯ ಪ್ರಬಂಧ ಬರೆದು ಕಳಿಸಿದರು. ಮೂರು ಊರು ಸೇರಿ ಒಂದೇ ಒಂದು ಹಗೇವಿಲ್ಲ ಎಂದು ನನ್ನ ಸಂಶೋಧನೆ ಸಾಧಿಸಿತು.

ಪ್ರಧಾನ ಸಂಪಾದಕರು ಬಿಡುವವರಲ್ಲ. ಹಳೆಯ ಕಾವ್ಯಗಳಲ್ಲಿ ಹಗೇವು ಎಂಬ ಲೇಖನ ಯಾರೋ ಕೊಟ್ಟಿದ್ದಾರೆ, ಪಂಡಿತರು ಬೇಕಾದಷ್ಟಿದ್ದಾರೆ, ತಮ್ಮಿಂದ ನಮಗೆ ಬೇಕಾದದ್ದು ಕಣ್ಣಾರೆ ಕಂಡ ಒಂದು ಹಗೇವು, ಸ್ಥಳ ಮತ್ತು ಅಳತೆ ಸಹಿತ, ಎಂದು ಬರೆದರು. ಕಣ್ಣಾರೆ ಕಂಡದ್ದು ನನಗೆ ಒಂದೇ ಒಂದಿತ್ತು.

ರಜೆಯಲ್ಲಿ ಸಂತೆಕಲ್ಲೂರಿಗೆ ಹೋದೆ. ಅತ್ತೆಯನ್ನು ಕೇಳಿ ಅಳೆಯಬಹುದಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆ ಎಂಬುದು ಒಳಗೆಲ್ಲೋ ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಅವಳು ಹೊಲಕ್ಕೆ ಹೋದ ಹೊತ್ತು ನೋಡಿ, ಗುಡಿಯಿಂದ ಬೇವಿನಗಿಡಕ್ಕೆ, ಗಿಡದಿಂದ ಹಗೇವಿನ ಬಾಯಿಗೆ ಹೆಜ್ಜೆ ಹಾಕಿ ಎಣಿಸಿದೆ. ಒಳಗಿನ ಅಳತೆ ನೆನಪಿನಲ್ಲೇ ಇತ್ತು. ಲಿಂಗಸುಗೂರಿಗೆ ಬಂದು ಒಂದು ವಾರ ಕೂತು ಚಿತ್ರ ಬರೆದೆ. ಚೆನ್ನಾಗಿ ಬಂದಿತ್ತು, ಇವತ್ತಿಗೂ ಹೇಳುತ್ತೇನೆ. ಒಂದು ಪ್ರತಿಯನ್ನು ಪತ್ರಿಕೆಗೆ ಕಳಿಸಿ, ಇನ್ನೊಂದನ್ನು ನನ್ನ ಕೋಣೆಯ ಗೋಡೆಗೆ ಅಂಟಿಸಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಅತ್ತೆ ನನ್ನನ್ನು ನೋಡಲು ಮೋಟಾರಿನಲ್ಲಿ ಬಂದಳು. ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಕುಡಿಕೆ ತುಪ್ಪ. ನಾನು ಉಣ್ಣುತ್ತಿರುವಾಗ ಅವಳು ಗೋಡೆಯ ಎದುರು ನಿಂತಳು. ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ನಾನು ನಿಶ್ಚಿಂತೆಯಿಂದ ರೊಟ್ಟಿ ಮುರಿಯುತ್ತಿದ್ದೆ.

"ಇದು ಬೇವಿನಗಿಡ," ಎಂದಳು ಬೆರಳಿಟ್ಟು. "ಇದು ಹನುಮಪ್ಪನ ಗುಡಿ." ಬೆರಳು ಕೆಳಗೆ ಸರಿಯಿತು. "ಹಂಗಾದ್ರ ಇದು ನಮ್ಮದು."

"ಹೌದತ್ತಿ. ಹೆಂಗ ಬರದೀನಿ ನೋಡು."

"ಇದನ್ನ ಏನು ಮಾಡ್ತಾರ ತಮ್ಮಾ?"

"ಅಚ್ಚು ಹಾಕ್ತಾರ. ಪುಸ್ತಕದಾಗ ಬರತೈತಿ. ನಾನ ಅದಕ್ಕ ಸಂಪಾದಕ."

"ಯಾರ್ಯಾರು ಓದ್ತಾರ?"

ಇಲ್ಲಿ ನಾನು ನಿಜ ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆ ಪತ್ರಿಕೆಯನ್ನು ಓದುತ್ತಿದ್ದವರು ಅದಕ್ಕೆ ಬರೆಯುತ್ತಿದ್ದವರು ಮಾತ್ರ. ಅವರೂ ತಮ್ಮ ತಮ್ಮ ಲೇಖನವನ್ನಷ್ಟೇ ಓದುತ್ತಿದ್ದರು. ಆದರೆ ಎದುರಿಗೆ ನಿಂತವಳು ನನ್ನನ್ನು ಸಾಕಿದವಳು. ಅವಳ ಕಣ್ಣಿಗೆ ದೊಡ್ಡವನಾಗಿ ಕಾಣುವ ಆಸೆ ನನಗೆ.

"ಎಲ್ಲಾರೂ ಓದ್ತಾರತ್ತಿ," ಎಂದೆ. "ಹೈದರಾಬಾದಿನ ತನಕ ಹೋಗತೈತಿ. ದೊಡ್ಡ ದೊಡ್ಡ ಸಾಹೇಬರು ಮೇಜಿನ ಮ್ಯಾಲ ಇಟ್ಕೊಂಡು ಓದ್ತಾರ."

ನಾನು ಉಂಡಾದ ಮೇಲೆ ಅತ್ತೆ ಗಂಟಿನ ಅರಿವೆಯನ್ನು ತಟ್ಟೆಯ ಮೇಲೆ ಹಿಡಿದು ಜಾಡಿಸಿದಳು, ಮಡಚಿದಳು, ಸಂಜೆಯ ಮೋಟಾರಿಗೆ ಕಾಯದೆ ಸಿಕ್ಕ ಗಾಡಿ ಹತ್ತಿ ಹೋಗಿಬಿಟ್ಟಳು. ಊರಲ್ಲಿ ಕೆಲಸ ಐತಿ ಎಂದಳು. ಉಳಿದುಕೊಂಡು ನನ್ನ ಸಾಮಾನೆಲ್ಲ ಹಸನು ಮಾಡಿ ಹೋಗುವವಳು ಹೀಗೆ ಹೊರಟಳಲ್ಲ ಎಂದು ನನಗೆ ಬೇಜಾರಾಯಿತು. ಬರೀ ಬೇಜಾರು, ಇನ್ನೂ ಬುದ್ಧಿ ಬಂದಿರಲಿಲ್ಲ.

ಬುದ್ಧಿ ಬರಲು ಎರಡು ದಿನ ಹಿಡಿಯಿತು. ತರಗತಿಯಲ್ಲಿ ಭೂಗೋಳ ಹೇಳುತ್ತ ಒಂದು ಊರಿನ ಹೆಸರು ಹೇಳಿ, ನಕ್ಷೆಯತ್ತ ಬೆತ್ತ ಚಾಚಿ "ಇದು ಎಲ್ಲಿದೆ, ಹುಡುಕಿ" ಎಂದೆ. ಒಬ್ಬ ಎದ್ದು ಬಂದು ಕ್ಷಣದಲ್ಲಿ ಹುಡುಕಿ ತೋರಿಸಿದ. ಅತ್ತೆಯ ಬೆರಳು ನೆನಪಾಯಿತು. ಅಕ್ಷರ ಬಾರದವಳಿಗೆ ನನ್ನ ಚಿತ್ರ ಹಾದಿ ತೋರಿಸಿದರೆ, ಅಕ್ಷರ ಬಂದ ಲೆವಿಯ ಸಾಹೇಬನಿಗೆ ಇನ್ನೆಷ್ಟು ಸಲೀಸು? ಮುಚ್ಚುಗಲ್ಲಿನ ಮೇಲೆ ಕೈಯಿಟ್ಟು ಹೇಳಿದ ಮಾತೂ ಆಗಲೇ ನೆನಪಾಯಿತು. ನಾಚಿಕೆಯಾಯಿತು.

ಅದೇ ದಿನ ಪ್ರಧಾನ ಸಂಪಾದಕರಿಗೆ ಬರೆದೆ. ಎರಡನೆಯ ಚಿತ್ರವನ್ನು ದಯವಿಟ್ಟು ತೆಗೆದುಬಿಡಬೇಕು, ಕಾರಣ ಕೇಳಬಾರದು. ಅವರ ಉತ್ತರ ಖಾರವಾಗಿತ್ತು. ಪುಟಗಳ ಸಂಖ್ಯೆ ಹಾಕಿಯಾಗಿದೆ, ಪರಿವಿಡಿ ಅಚ್ಚಾಗಿದೆ, ಚಿತ್ರ ತೆಗೆದರೆ ಪುಟ ಖಾಲಿ ಉಳಿಯುತ್ತದೆ. ಇಡೀ ಸಂಚಿಕೆಯಲ್ಲಿ ಕಣ್ಣಾರೆ ಕಂಡ ಆಧಾರ ಅದೊಂದೇ, ಅದೂ ಇಲ್ಲವಾದರೆ ಅತಿಥಿ ಸಂಪಾದಕರ ಕೊಡುಗೆ ಏನೆಂದು ಓದುಗರು ಕೇಳುತ್ತಾರೆ. ಮುಂದೆ ತಮ್ಮ ಲೇಖನಗಳನ್ನು ಪರಿಗಣಿಸುವುದು ಕಷ್ಟವಾಗಬಹುದು. ನಾನು ಒಂದು ಸಾಲು ಬರೆದೆ: 'ಖಾಲಿಯೇ ಇರಲಿ.' ಈ ಸಲ ನಮ್ರ ಸೇವಕ ಎಂದು ಸಹಿ ಹಾಕಲಿಲ್ಲ. ಅವರೂ ಮುಂದೆ ನನ್ನದೇನನ್ನೂ ಅಚ್ಚು ಹಾಕಲಿಲ್ಲ.

ಈಗ ನಿಮಗೊಂದು ಅನುಮಾನ ಬಂದಿರಬೇಕು. ಅತ್ತೆಗೆ ತಿಳಿಸಿದೆಯೇನಪ್ಪ, ಎಂದು. ಇಲ್ಲ. ಮೋಟಾರಿನವನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಚ್ಚಾದ ಪುಸ್ತಕವನ್ನೇ ಒಯ್ದು, ಆ ಖಾಲಿ ಪುಟ ತೆರೆದು, "ನೋಡತ್ತಿ, ನಿನ್ನ ಸಲುವಾಗಿ ಏನು ಮಾಡೀನಿ" ಎಂದು ತೋರಿಸಬೇಕು, ಅವಳು ನನ್ನ ತಲೆ ನೇವರಿಸಬೇಕು. ಅಷ್ಟು ದಿನ ಅದೇ ಕನಸು ಕಂಡುಕೊಂಡು ಕೂತಿದ್ದೆ. ದೊಡ್ಡದೇನನ್ನೋ ತ್ಯಾಗ ಮಾಡಿದವನಿಗೆ ಅದನ್ನು ಹೇಳಿಕೊಳ್ಳಲು ತಕ್ಕ ವೇದಿಕೆ ಬೇಕಲ್ಲ.

ಸಂಚಿಕೆ ಬಂದದ್ದು ದಸರೆಯ ಆಸುಪಾಸಿಗೆ. ಕರೀ ಕೋಟು ಹಾಕಿಕೊಂಡು ಸಂತೆಕಲ್ಲೂರಿಗೆ ಹೋದೆ. ಮನೆಯ ಹಿಂದಕ್ಕೆ ಹೋದವನು ಅಲ್ಲೇ ನಿಂತೆ. ಬೇವಿನಗಿಡ ಇತ್ತು, ಗುಡಿ ಇತ್ತು. ನಡುವೆ ಒಂದು ಎಮ್ಮೆ ಕಟ್ಟಿತ್ತು. ಹಗೇವಿನ ಬಾಯಿ ಇದ್ದ ಜಾಗದಲ್ಲಿ ಮಣ್ಣಿನ ಗೋದಲಿ ಕಟ್ಟಿದ್ದರು. ಎಮ್ಮೆ ಅದರಲ್ಲಿ ಮುಖ ಇಟ್ಟು ಮೇಯುತ್ತಿತ್ತು.

"ಅತ್ತಿ, ಹಗೇವು?"

"ತುಂಬಿಬಿಟ್ವಿ," ಎಂದಳು. ಸೊಪ್ಪೆ ಹಾಕುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಿನ್ನಲ್ಲಿಂದ ಬಂದು ನಾಕೂ ಮನಿಯವರಿಗೆ ಹೇಳಿ, ಎಂಟು ದಿನಕ್ಕ ಕಲ್ಲು ತಗದ್ವಿ. ಮ್ಯಾಲ ಗೋಣಿತಟ್ಟು ಹಿಡದ್ವಿ, ಆದ್ರೂ ಮಳಿ ಬಿಡಲಿಲ್ಲ. ಅರ್ಧ ತೊಯ್ತು. ಉಳಿದಿದ್ದು ಉಳೀತು. ಆಮ್ಯಾಲ ಕಲ್ಲು ಮಣ್ಣು ಹಾಕಿ ಬಡದ್ವಿ."

ಆ ಹಗೇವನ್ನು ಅವಳ ಮಾವ ತನ್ನ ಪ್ರಾಯದಲ್ಲಿ ತೋಡಿದ್ದ. ನಾನು ಪುಸ್ತಕ ತೆಗೆದು ಮೂವತ್ತೊಂದನೆಯ ಪುಟ ಬಿಡಿಸಿ ಅವಳ ಮುಂದೆ ಹಿಡಿದೆ. ಬಾಯಿಪಾಠ ಮಾಡಿಕೊಂಡು ಬಂದ ಮಾತು ಒಂದೂ ಹೊರಡಲಿಲ್ಲ. "ನಾ ಹಾಕಿಸಲಿಲ್ಲತ್ತಿ. ತಗಸಿಬಿಟ್ಟೆ. ನೋಡು, ಖಾಲಿ ಐತಿ," ಎಂದೆ.

ಅವಳು ಕೈ ಒರೆಸಿಕೊಂಡು ಆ ಪುಟದ ಮೇಲೆ ಬೆರಳಾಡಿಸಿದಳು. ಗಿಡ ಹುಡುಕಿದಳು, ಗುಡಿ ಹುಡುಕಿದಳು. ಏನೂ ಇರಲಿಲ್ಲ.

"ಯಾವಾಗ ತಗಸಿದಿ?"

"ನೀ ಬಂದು ಹೋದ ಮೂರನೇ ದಿನಾನ ಬರದೀನಿ."

"ಮತ್ತ ಒಂದು ಮಾತು ಹೇಳಿ ಕಳಸಬಾರದನೋ ಬಸವಾ," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. "ನಂದೊಬ್ಬಾಕಿದು ಆಗಿದ್ರ ಬಂದಿದ್ದು ಬರ್ಲಿ ಅಂತ ಕುಂದರ್ತಿದ್ದೆ. ನಾಕು ಮನಿ ಕಾಳು ಅದು."

ನಾನು ಕೋಟಿನ ಗುಂಡಿ ತಿರುವುತ್ತ ನಿಂತೆ. ಮಾತು ಬೇಕೆಂದೋ, ನಿಜಕ್ಕೂ ಚಿಂತೆಯಾಗಿಯೋ ಕೇಳಿದೆ. "ಉಳಿದಿದ್ದನ್ನ ಎಲ್ಲಿ ಇಟ್ಟೀರತ್ತಿ?"

ಅತ್ತೆ ನನ್ನನ್ನು ನೋಡಿದಳು. ಚಿಕ್ಕಂದಿನಿಂದ ನೋಡುತ್ತಿದ್ದ ಹಾಗೆಯೇ, ಅಕ್ಕರೆಯಿಂದಲೇ ನೋಡಿದಳು.

"ಅದೊಂದು ಕೇಳಬ್ಯಾಡ ತಮ್ಮಾ," ಎಂದಳು. "ನೀ ಬರಿಯಾವ."

ಆಮೇಲೆ ಒಳಗೆ ಕರೆದು ಉಣ್ಣಲು ಹಾಕಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಮುರಿದು ಬಾಯಿಗಿಟ್ಟೆ. ಹುಳಿಯೂ ಮಣ್ಣೂ ಕೂಡಿದ ಆ ವಾಸನೆ ಬಂತು. ಅಟ್ಟದ ಮೇಲಿನ ಚೀಲದಲ್ಲಿಟ್ಟು ತಿಂಗಳು ನಾಲ್ಕಾದ ಜೋಳ ಆ ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಎಲ್ಲೋ ಒಂದು ಕಡೆ, ನೆಲದೊಳಗೆ, ನನಗೆ ಗೊತ್ತಿಲ್ಲದ ಜಾಗದಲ್ಲಿ, ಹೊಸದೊಂದು ಇತ್ತು. ತಲೆಯೆತ್ತಿ ನೋಡಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಪಲ್ಯ ಚೆನ್ನಾಗಿದೆ ಎಂದೆ.

ಅವಳು ಅದಾದ ಮೇಲೆ ಬಹಳ ವರ್ಷ ಬದುಕಿದಳು. ಲೆವಿ ಹೋಯಿತು, ನಿಜಾಮರ ಕಾಲವೂ ಹೋಯಿತು. ನಾನು ಹೋದಾಗಲೆಲ್ಲ ಆ ರೊಟ್ಟಿಯೇ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹಾಗಾಗಿ ಆ ಪುಟಕ್ಕೆ ಹಾಕಲು ನನ್ನಲ್ಲಿ ಏನೂ ಇಲ್ಲ. ಮೊಮ್ಮಗಳಿಗೆ ಕೋಳಿಯನ್ನು ಅಳಿಸಬೇಡ ಎಂದಿದ್ದೇನೆ.

ಅವತ್ತು ಉಂಡೆದ್ದು ಹೊರಟಾಗ ಅತ್ತೆ ಹೊಸ್ತಿಲ ಒಳಗೇ ನನ್ನನ್ನು ತಡೆದು ನಿಲ್ಲಿಸಿದಳು. ಕರೀ ಕೋಟಿನ ಮೇಲೆ ರೊಟ್ಟಿಯ ಪುಡಿ ಬಿದ್ದಿತ್ತು. ಸೆರಗಿನಿಂದ ಎದೆಯ ಮೇಲೆ ಜಾಡಿಸಿದಳು, ತೋಳಿನ ಮಡಿಕೆ ಬಿಡಿಸಿ ಜಾಡಿಸಿದಳು, ಎರಡೂ ಜೇಬು ಹೊರಗೆಳೆದು ಕೊಡವಿದಳು. ಒಂದು ಚೂರೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ, ಹೋಗು ಎಂದಳು.